ಒಂದೇ ಸೋಮವಾರ ಆರು ಊಟ

೧೯೭೮ನೆಯ ಇಸವಿ ಆಗಸ್ಟ್ ೭, ಸೋಮವಾರ, ಸಂಜೆ ಆರೂವರೆ. ಎಲ್ಲವೂ ಶುರುವಾದದ್ದು ಆ ಹೊತ್ತಿಗೆ ಎಂದು ಈಗ ಬರೆಯುತ್ತಿದ್ದೇನೆ. ಆಗ ನನಗೆ ಗೊತ್ತಿರಲಿಲ್ಲ. ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಇಷ್ಟು: ‘ಪಂಚಮಿ ಕುಪ್ಪಸ ಒಟ್ಟು ೩೧. ಹೊಲಿದದ್ದು ೧೪. ಗುಂಡಿ ಹಚ್ಚುವುದು ೬. ಕರೆಂಟು ಎರಡು ಸಲ ಹೋಯಿತು. ಶ್ರಾವಣದ ಮೊದಲ ಸೋಮವಾರ, ಅವ್ವನ ಉಪವಾಸ.’ ನಮ್ಮ ಮನೆಯ ಎದುರಿನ ಚಾವಡಿಯಲ್ಲಿ ಆ ಹೊತ್ತು ಏನು ನಡೆಯುತ್ತಿತ್ತು ಎಂಬುದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಅದನ್ನು ಬರೆಯುವುದು ನನ್ನ ಕೆಲಸವಾಗಿತ್ತು.

ನಮ್ಮ ಊರು ಕುಂದಗೋಳ ತಾಲೂಕಿನಲ್ಲಿದೆ. ಸಂಶಿ ಕಡೆಯ ಬಸ್ಸು ನಿಲ್ಲುತ್ತದೆ, ಹುಬ್ಬಳ್ಳಿಯ ಪ್ಯಾಸೆಂಜರ್ ರೈಲು ನಿಲ್ಲುತ್ತದೆ. ಪೇಟೆ ಎಂದರೆ ಒಂದು ಉದ್ದ ಬೀದಿ. ಅದರ ನಡುವೆ ನಮ್ಮ ಮನೆ, ಮನೆಯ ಮುಂದಿನ ಕಟ್ಟೆಯ ಮೇಲೆ ನನ್ನ ಹೊಲಿಗೆ ಯಂತ್ರ. ಅಪ್ಪ ತೀರಿಕೊಂಡ ಮೇಲೆ ನಾನೂ ಅವ್ವನೂ ಅದರ ಮೇಲೇ ಬದುಕಿದವರು. ಎದುರಿಗೆ ಹಳೆಯ ಚಾವಡಿ. ಮೊದಲು ಅಲ್ಲಿ ಊರಿನ ಲೆಕ್ಕಪತ್ರ ನಡೆಯುತ್ತಿತ್ತಂತೆ. ಈಗ ಕಚೇರಿ ಬೇರೆ ಕಡೆ ಹೋಗಿ, ಕಲ್ಲು ಕಂಬದ ಪಡಸಾಲೆಯೊಂದೇ ಉಳಿದಿದೆ.

‘೧೯೭೭ ನವೆಂಬರ್ ೧೫, ಮಂಗಳವಾರ. ಚಾವಡಿಯಲ್ಲಿ ಹೊಸ ಮನುಷ್ಯ. ರೈಲಿನಿಂದ ಇಳಿದವನಂತೆ.’ ಅವನ ಬಗ್ಗೆ ನನ್ನ ಮೊದಲ ಬರಹ ಅದು. ವಯಸ್ಸು ಮೂವತ್ತೈದರ ಆಚೀಚೆ. ಮಾತು ನಮ್ಮ ಕಡೆಯದೇ. ಹೆಸರು ಕೇಳಿದರೆ ನಗುತ್ತಿದ್ದ. ಊರು ಕೇಳಿದರೆ ಒಂದೇ ಉತ್ತರ: “ಹಿಂದಿನ ಟೇಸನ್.” ಯಾವ ಸ್ಟೇಶನ್ನಿನ ಹಿಂದಿನದು ಎಂದು ಕೇಳಿದರೆ ಅದಕ್ಕೂ ಅದೇ ಉತ್ತರ. ಸಂಜೆಯಾದರೆ ಸರಾಯಿ ಅಂಗಡಿಯ ಮುಂದೆ ಕೂರುತ್ತಿದ್ದ. ಯಾರಾದರೂ ಒಂದು ಗುಟುಕು ಹಾಕಿಸುತ್ತಿದ್ದರು, ತಮಾಷೆ ನೋಡುವುದಕ್ಕೆ. ಆಮೇಲೆ ಚಾವಡಿಯ ಕಂಬದ ಜೊತೆ ಜಗಳ ಮಾಡುತ್ತಿದ್ದ. ಕಂಬ ಅವನಿಗೆ ಏನೋ ಅನ್ನುತ್ತಿತ್ತು, ಅವನು ಅದಕ್ಕೆ ಉತ್ತರ ಕೊಡುತ್ತಿದ್ದ. ಒಮ್ಮೆ ಹಣೆ ಒಡೆದುಕೊಂಡ.

ದವಾಖಾನೆಯ ಕಂಪೌಂಡರ್ ಕಾಕಾ ಅವನ ಹಣೆಗೆ ಪಟ್ಟಿ ಕಟ್ಟಿದವರು. ಮಾರ್ಚಿಯಲ್ಲಿ ಅವರೇ ಅವನನ್ನು ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂರು ವಾರ ಅಲ್ಲಿದ್ದು ಬಂದ ಮನುಷ್ಯನನ್ನು ನೋಡಿ ಪೇಟೆಯವರಿಗೆ ಗುರುತೇ ಸಿಗಲಿಲ್ಲ. ತಲೆಗೂದಲು ಕತ್ತರಿಸಿದ್ದರು, ಕಣ್ಣು ಒಂದು ಕಡೆ ನಿಲ್ಲುತ್ತಿತ್ತು. ಜೊತೆಗೆ ಮಾತ್ರೆಗಳು: ದಿನಕ್ಕೆ ಒಂದು, ಸಂಜೆ, ಊಟದ ಸಂಗಡ. ಖಾಲಿ ಹೊಟ್ಟೆಯಲ್ಲಿ ಬೇಡ, ತಪ್ಪಿಸುವುದು ಬೇಡ, ಕುಡಿತವಂತೂ ಬೇಡವೇ ಬೇಡ.

ಊಟದ ಸಂಗಡ ಎಂದರೆ, ಯಾರ ಊಟದ ಸಂಗಡ?

ಅದಕ್ಕೆ ದಾರಿ ಹುಡುಕಿದವರೂ ಕಾಕಾನೇ. ಹಿಂದೆ ಹಳ್ಳಿಗಳಿಂದ ಶಾಲೆಗೆ ಬರುತ್ತಿದ್ದ ಬಡ ಹುಡುಗರಿಗೆ ನಮ್ಮ ಕಡೆ ವಾರದ ಊಟ ಹಚ್ಚುತ್ತಿದ್ದರು. ವಾರಕ್ಕೆ ಏಳು ದಿನ, ದಿನಕ್ಕೊಂದು ಮನೆ. ಸೋಮವಾರದ ಹುಡುಗ ಸೋಮವಾರ ಬರುತ್ತಾನೆ, ಉಂಡು ಹೋಗುತ್ತಾನೆ, ಮನೆಗೂ ಭಾರವಿಲ್ಲ, ಹುಡುಗನಿಗೂ ಉಪವಾಸವಿಲ್ಲ.

“ನಾ ಏಳ ಮನಿ ರೊಟ್ಟಿ ತಿಂದು ಮ್ಯಾಟ್ರಿಕ್ ಮುಗಿಸಿದಾಂವ,” ಎಂದರು ಕಾಕಾ, ನಮ್ಮ ಕಟ್ಟೆಯ ಮೇಲೆ ಕೂತು. “ಇಂವಗೂ ವಾರಾ ಹಚ್ಚೂಣು. ನಂದ ಶುಕ್ರವಾರ.”

“ಅಂವಾ ಏನ್ ಮ್ಯಾಟ್ರಿಕ್ ಕೂಡ್ತಾನೇನ್ರಿ?” ಎಂದು ಚಹಾದಂಗಡಿಯ ಮಾಮಾ ನಕ್ಕ. ನಕ್ಕು, “ರವಿವಾರ ನನಗ ಬರ್ಕೊರಿ,” ಎಂದ.

ಶನಿವಾರ ನಮ್ಮದಾಯಿತು. ಮಂಗಳವಾರ ಬಳೆಗಾರರ ಮನೆ, ಬುಧವಾರ ಚಿನ್ನದ ಕೆಲಸದ ಪತ್ತಾರರ ಮನೆ, ಗುರುವಾರ ಎಣ್ಣೆ ಗಾಣದವರ ಮನೆ. ಸೋಮವಾರಕ್ಕೆ ಯಾರೂ ಮುಂದೆ ಬಾರದಿದ್ದಾಗ ಕಾಳಿನ ಅಂಗಡಿಯ ಅಜ್ಜನವರು ಒಪ್ಪಿದರು. ಪೇಟೆಯಲ್ಲಿ ಅವರ ಮಾತೇ ಕೊನೆಯ ಮಾತು. ಒಪ್ಪುವಾಗ ಒಂದು ಕರಾರು ಹಾಕಿದರು.

“ರೊಟ್ಟಿ ಕೊಡೂಣು, ಮಾತ್ರಿ ಕೊಡೂಣು. ಆದ್ರ ಒಂದ ಸಲ ಕುಡದು ಬಿದ್ದಾ ಅಂದ್ರ, ಮರುದಿನ ರೈಲು. ಹೆಣಮಕ್ಳು ಓಡಾಡು ಬೀದಿ ಐತಿ ಇದು. ಆಮ್ಯಾಲೆ ಯಾರೂ ನನ್ನ ಮುಂದ ಬಂದು ಪಾಪ ಅನಬಾರದು.”

ಅವತ್ತಿನಿಂದ ಸರಾಯಿ ಅಂಗಡಿಯ ದಿಕ್ಕಿನ ಮೇಲೂ ನನ್ನದೊಂದು ಕಣ್ಣು.

ಪಾಳಿಯ ಪುಸ್ತಕ ನನ್ನ ಪಾಲಿಗೆ ಬಂದದ್ದು ಸಹಜವಾಗಿ. ನಾನು ಕಟ್ಟೆ ಬಿಟ್ಟು ಏಳುವವಳಲ್ಲ, ಚಾವಡಿ ನನ್ನ ಕಣ್ಣೆದುರಿಗೇ ಇದೆ, ಬರೆದಿಡುವ ಚಾಳಿ ಊರಿಗೆಲ್ಲ ಗೊತ್ತು. ಯಾರ ಎದೆಯಳತೆ ಯಾವ ವರ್ಷ ಎಷ್ಟಿತ್ತು ಎಂದು ಕೇಳಿದರೆ ಹೇಳುತ್ತೇನೆ. ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಕೋಷ್ಟಕ ಹಾಕಿದೆ. ಎಡಗಡೆ ಮೇಲಿನಿಂದ ಕೆಳಗೆ ಏಳು ಮನೆ, ಅಡ್ಡಕ್ಕೆ ವಾರಗಳು. ಒಂದು ಮನೆಯ ಊಟ ಮುಟ್ಟಿದರೆ ಅದರ ಮುಂದೆ ಒಂದು ಗೆರೆ. ಮನೆಗಳನ್ನು ವಾರದ ಕ್ರಮದಲ್ಲೇ ಬರೆದಿದ್ದರಿಂದ ಸೋಮ, ಮಂಗಳ ಎಂದು ಬೇರೆ ಬರೆಯಬೇಕೆನಿಸಲಿಲ್ಲ. ಜಾಗ ಉಳಿಯಿತು ಎಂದು ಖುಷಿಪಟ್ಟೆ.

ಏಪ್ರಿಲ್ ೧೦, ಸೋಮವಾರ ಮೊದಲ ಊಟ. ಆಗಸ್ಟ್ ೬, ರವಿವಾರದವರೆಗೆ ಹದಿನೇಳು ವಾರ, ನೂರಾ ಹತ್ತೊಂಬತ್ತು ದಿನ. ಅದರಲ್ಲಿ ಊಟ ತಪ್ಪಿದ್ದು ನಾಲ್ಕು ದಿನ. ಕೊನೆಯ ಸಲ ತಪ್ಪಿಸಿದವರು ನಾವೇ: ಜುಲೈ ೨೨ರ ಶನಿವಾರ ಅವ್ವನಿಗೆ ಜ್ವರ, ನಾನು ಬಟ್ಟೆ ತರಲು ಹುಬ್ಬಳ್ಳಿಗೆ ಹೋಗಿದ್ದೆ. ಕೂಗಾಡಿದ್ದು ಒಂಬತ್ತು ಸಲ. ಕುಡಿದದ್ದು ಸೊನ್ನೆ.

ಆ ಸೊನ್ನೆ ತಾನಾಗಿ ಬಂದದ್ದಲ್ಲ. ಸಂಜೆ ಅವನು ಚಾವಡಿಯಿಂದ ಇಳಿದು ಸರಾಯಿ ಅಂಗಡಿಯ ದಿಕ್ಕಿಗೆ ಮುಖ ಮಾಡಿದನೆಂದರೆ ನನ್ನ ಕಾಲು ಯಂತ್ರದ ಮೇಲೆ ನಿಂತುಬಿಡುತ್ತಿತ್ತು. ಚಹಾದಂಗಡಿ ನಡುವೆ ಇತ್ತು, ಅದೊಂದು ಪುಣ್ಯ. ಮಾಮಾ ಒಳಗಿನಿಂದಲೇ ಕೂಗುತ್ತಿದ್ದ: “ಏ ಸಾಹೇಬಾ, ಎಲ್ಲಿಗಿ ಹೊಂಟಿ? ಬಾ ಇಲ್ಲೆ, ಕಪ್ಪು ತೊಳಿಯಾಂವ ಯಾರೂ ಇಲ್ಲ!” ಅವನು ಒಂದು ಗಳಿಗೆ ನಿಲ್ಲುತ್ತಿದ್ದ, ಆ ಕಡೆ ನೋಡುತ್ತಿದ್ದ, ಈ ಕಡೆ ನೋಡುತ್ತಿದ್ದ. ಆಮೇಲೆ ಕಪ್ಪು ತೊಳೆಯಲು ಕೂರುತ್ತಿದ್ದ. ನನ್ನ ಯಂತ್ರ ಮತ್ತೆ ತಿರುಗುತ್ತಿತ್ತು. ಎಷ್ಟು ಹೊಲಿಗೆಗಳು ಆ ಗಳಿಗೆಯಲ್ಲಿ ಸೊಟ್ಟಾದವು ಎಂಬ ಲೆಕ್ಕ ಮಾತ್ರ ಇಟ್ಟಿಲ್ಲ.

ನನ್ನ ಜೊತೆ ಅವನಿಗೆ ಒಂದೇ ಮಾತು. ಮುಂಜಾನೆ ನಾನು ಯಂತ್ರದ ಮುಸುಕು ತೆಗೆಯುವ ಹೊತ್ತಿಗೆ ಬೀದಿ ದಾಟಿ ಬಂದು ಕಟ್ಟೆಯ ಕೆಳಗೆ ನಿಲ್ಲುತ್ತಿದ್ದ.

“ಇವತ್ತ ಯಾರ ಪಾಳಿರಿ?”

ನಾನು ಹೇಳುತ್ತಿದ್ದೆ: ಗಾಣದವರದು, ಪತ್ತಾರರದು. ತಲೆಯಾಡಿಸಿ ಹೋಗುತ್ತಿದ್ದ. ಸಂಜೆ ಊಟ ಬಂದರೆ ಉಂಡು, ತನ್ನ ಅಲ್ಯೂಮಿನಿಯಂ ತಾಟು ತೊಳೆದು, ಮೆಟ್ಟಿಲ ಮೇಲೆ ಬೋರಲು ಹಾಕುತ್ತಿದ್ದ. ಬೋರಲು ಬಿದ್ದ ತಾಟು ಕಂಡರೆ ನಾನು ಗೆರೆ ಎಳೆಯುತ್ತಿದ್ದೆ. ಮಾತ್ರೆಯನ್ನು ಮುಚ್ಚಿಡುವ ಪ್ರಸಂಗವೇ ಬರಲಿಲ್ಲ. ರೊಟ್ಟಿಯ ಮೇಲೆ ಇಟ್ಟುಕೊಟ್ಟರೆ ಮೊದಲು ಅದನ್ನೇ ನುಂಗುತ್ತಿದ್ದ. ಕೊಟ್ಟದ್ದನ್ನು ಅವನು ಎಂದೂ ಬೇಡ ಎಂದವನಲ್ಲ.

ಜುಲೈಯಲ್ಲಿ ಅವನಿಗೊಂದು ಅಂಗಿ ಹೊಲಿದೆ, ಉಳಿದ ತುಂಡುಗಳಲ್ಲಿ. ಅಳತೆ ತೆಗೆದುಕೊಳ್ಳುವಾಗ ಕಲ್ಲಿನ ಹಾಗೆ ನಿಂತಿದ್ದ, ಉಸಿರನ್ನೂ ಹಿಡಿದು. “ಉಸರ ಬಿಡ್ರಿ, ಇಲ್ಲಾಂದ್ರ ಅಂಗಿ ಬಿಗಿ ಆಕ್ಕೈತಿ,” ಎಂದೆ. ನಕ್ಕ. ಆ ನಗು ಬಂದಾಗ ಅವನು ಯಾರದೋ ಮನೆಯ ಅಣ್ಣನಂತೆ ಕಾಣುತ್ತಿದ್ದ.

ಆಗಸ್ಟ್ ೬ರಂದು ಕಂಪೌಂಡರ್ ಕಾಕಾ ಮುಂದಿನ ನಾಲ್ಕು ವಾರದ ಮಾತ್ರೆಗಳನ್ನು ಏಳು ಮನೆಗೂ ಹಂಚಿದರು, ಮನೆಗೆ ನಾಲ್ಕರಂತೆ ಇಪ್ಪತ್ತೆಂಟು, ಕಾಗದದಲ್ಲಿ ಮಡಚಿ. ಹಂಚಿ, ಪಂಚಮಿಗೆ ಅಳ್ನಾವರದ ತಮ್ಮ ಅಣ್ಣನ ಮನೆಗೆ ಹೊರಟರು. “ಶುಕ್ರವಾರ ರಾತ್ರಿಗೆ ಬಂದಬಿಡ್ತೇನಿ. ಪುಸ್ತಕ ನೋಡ್ಕೊ ತಂಗಿ,” ಎಂದರು. ನೋಡಿಕೊಳ್ಳುತ್ತೇನೆ ಎಂದೆ.

ಮರುದಿನವೇ ಶ್ರಾವಣದ ಮೊದಲ ಸೋಮವಾರ. ಆ ದಿನ ನಮ್ಮ ಮನೆಗಳಲ್ಲಿ ಹಗಲೆಲ್ಲ ಉಪವಾಸ. ಸಂಜೆ ಪೂಜೆ ಮುಗಿಸಿ, ಹೊರಗಿನ ಒಬ್ಬರಿಗೆ ಉಣಬಡಿಸಿ, ಆಮೇಲೆ ಮನೆಯವರು ಉಣ್ಣುವುದು ಪದ್ಧತಿ. ಮೊದಲೆಲ್ಲ ಆ ಒಬ್ಬರನ್ನು ಹುಡುಕಲು ತುಸು ಓಡಾಡಬೇಕಿತ್ತು. ಈ ವರ್ಷ ಓಡಾಡುವ ಕೆಲಸವಿರಲಿಲ್ಲ. ಚಾವಡಿಯಲ್ಲಿ ಒಬ್ಬ ಕೂತೇ ಇದ್ದ, ನಮ್ಮವನೇ, ಏಳೂ ಮನೆಗೆ ಪರಿಚಯದವನು. ವಾರದ ಊಟ ಶುರುವಾದ ಮೇಲೆ ಬಂದ ಮೊದಲ ಶ್ರಾವಣ ಅದು. ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ.

ಆರೂವರೆಗೆ ಅಜ್ಜನವರ ಸೊಸೆ ಊಟ ತಂದಳು. ಅದು ಸರಿ, ಸೋಮವಾರ ಅವರದೇ. ಆಮೇಲೆ ಪತ್ತಾರರ ಮನೆಯಿಂದ ಬಂತು. ಆಮೇಲೆ ಗಾಣದವರ ಅತ್ತಿ. ಆಮೇಲೆ ಬಳೆಗಾರರ ಮನೆಯಿಂದ. ಕಂಪೌಂಡರ್ ಕಾಕಾನ ಹೆಂಡತಿ ಮಂಗಳವಾರ ಮುಂಜಾನೆ ಮಕ್ಕಳ ಸಂಗಡ ಅಳ್ನಾವರಕ್ಕೆ ಹೋಗುವವರಿದ್ದರು. ಶುಕ್ರವಾರ ಊರಲ್ಲಿ ಇರುವುದಿಲ್ಲವೆಂದು ಅವರೂ ಅಂದೇ ಕೊಟ್ಟರು. ಕೊನೆಗೆ ನಮ್ಮ ಅವ್ವ. ಏಳೂವರೆಯೊಳಗೆ ಆರು ಊಟ, ಮಾಮಾನ ಮನೆಯದೊಂದು ಬಿಟ್ಟು. ಊಟ ಎಂದರೆ ಮಾತ್ರೆ ಎಂದು ನಾಲ್ಕು ತಿಂಗಳಿಂದ ಎಲ್ಲರ ಕೈಗೂ ರೂಢಿಯಾಗಿತ್ತು. ಆರು ಊಟದ ಮೇಲೆ ಆರು ಮಾತ್ರೆ.

ನಾನು ಕಟ್ಟೆಯ ಮೇಲಿರಲಿಲ್ಲ. ಕರೆಂಟು ಹೋದದ್ದಕ್ಕೆ ಒಳಗೆ ಕಂದೀಲಿನ ಬೆಳಕಿನಲ್ಲಿ ಗುಂಡಿ ಹಚ್ಚುತ್ತಿದ್ದೆ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಹೊಸ ಕುಪ್ಪಸ ತೊಟ್ಟೇ ಜೋಕಾಲಿ ಏರಬೇಕು.

ಮಂಗಳವಾರ ಕುಪ್ಪಸ ಒಯ್ಯಲು ಮನೆಯವರು ಒಬ್ಬೊಬ್ಬರಾಗಿ ಬಂದರು. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ನಾನು ಕೇಳಿದೆ: “ನಿಮ್ಮ ಪಾಳಿ ಮುಟ್ಟಿತೇನ್ರಿ?”

“ಮುಟ್ಟೇತವ್ವಾ, ಮುಟ್ಟೇತಿ. ನೀ ತೋಳ ಬಿಗಿ ಮಾಡಿಲ್ಲ ಹೌದಿಲ್ಲೊ?”

ಗೆರೆ ಎಳೆದೆ. ಮತ್ತೊಬ್ಬರು ಬಂದರು, ಮತ್ತೊಂದು ಗೆರೆ. ಕಾಕಾನ ಹೆಂಡತಿ ಕೊಟ್ಟುಹೋದ ಸುದ್ದಿಯನ್ನು ಅವರ ಬಾಜೂ ಮನೆಯ ಹುಡುಗಿ ಹೇಳಿದಳು, ಅದಕ್ಕೂ ಗೆರೆ. “ನಮ್ಮದೂ ಆತ,” ಎಂದಳು ಅವ್ವ ಒಳಗಿನಿಂದ. ಮಂಗಳವಾರ ಸಂಜೆಗೆ ಹದಿನೆಂಟನೆಯ ವಾರದ ಕೆಳಗೆ ಆರು ಗೆರೆ. ವಾರದ ಎರಡನೆಯ ದಿನ ಆರು ಗೆರೆ ಬಿದ್ದದ್ದು ಹೇಗೆಂದು ನನ್ನ ತಲೆ ಒಂದು ಸಲವೂ ಕೇಳಲಿಲ್ಲ. ತುಂಬಿದ ಸಾಲು ಕಂಡು ಸಮಾಧಾನವಾದದ್ದು ಮಾತ್ರ ನೆನಪಿದೆ.

ಅವತ್ತು ಮುಂಜಾನೆ ಅವನು ಪಾಳಿ ಕೇಳಲು ಬಂದಿರಲಿಲ್ಲ. ಚಾವಡಿಯಲ್ಲಿ ಮುಸುಕು ಹಾಕಿ ಮಲಗಿದ್ದ. ಮಧ್ಯಾಹ್ನವೂ ಮಲಗಿದ್ದ. ತಾಟು ತೊಳೆದು ಬೋರಲು ಬಿದ್ದಿತ್ತು. ಸಂಜೆಯೂ ಹಾಗೇ ಇತ್ತು. ಉಂಡು ಮಲಗಿದ್ದಾನೆ ಎಂದುಕೊಂಡೆ.

ಬುಧವಾರ, ಆಗಸ್ಟ್ ೯, ಪಂಚಮಿ. ಚಾವಡಿಯ ಪಕ್ಕದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹತ್ತು ಗಂಟೆಯ ಸುಮಾರಿಗೆ ಅವನು ಎದ್ದು ಮೆಟ್ಟಿಲು ಇಳಿದ. ಕಾಲು ಕಟ್ಟಿಗೆಯಂತಾಗಿತ್ತು. ಎರಡು ಹೆಜ್ಜೆ ಇಟ್ಟು ಓಲಾಡಿದ, ಕಂಬ ಹಿಡಿಯಲು ಹೋಗಿ ಕೈ ತಪ್ಪಿ, ಜೀಕುತ್ತಿದ್ದ ಹೆಣ್ಣುಮಕ್ಕಳ ನಡುವೆ ಬಿದ್ದ. ಹಬ್ಬದ ಉಂಡಿಯ ಬುಟ್ಟಿ ಚೆಲ್ಲಿತು. ಒಬ್ಬ ಹುಡುಗಿಯ ಮೊಳಕೈ ತರಚಿತು. ಅವನು ಏನೋ ಹೇಳುತ್ತಿದ್ದ, ನಾಲಿಗೆ ಹೊರಳುತ್ತಿರಲಿಲ್ಲ. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು.

“ಹಬ್ಬದ ದಿನಾನೂ ಕುಡದಾನ್ನೋಡ ಇಂವಾ!” ಎಂದು ಯಾರೋ ಕೂಗಿದರು. ಆಮೇಲೆ ಎಲ್ಲರೂ ಕೂಗಿದರು.

ವಾಸನೆ ಇಲ್ಲ ಎಂದು ಚಹಾದಂಗಡಿಯ ಮಾಮಾ ಹೇಳಿದ. “ನಾ ಮೂಗ ಹಚ್ಚಿ ನೋಡೇನಿ. ಇಲ್ಲ.”

“ನಿನ್ನ ಮೂಗಿನ್ಯಾಗ ಚಹಾದ ಪುಡಿ ಬಿಟ್ರ ಬ್ಯಾರೆ ಏನೈತಿ?” ಎಂದರು ಯಾರೋ. ಜನ ನಕ್ಕರು.

ಗುರುವಾರ ಮುಂಜಾನೆ ಎಂಟಕ್ಕೆ ಅಜ್ಜನವರು ಚಾವಡಿಗೆ ಬಂದು ಕೂತರು. ಹತ್ತು ಹನ್ನೆರಡು ಮಂದಿ ಸೇರಿದ್ದರು. ಅವರು ಬರುವ ಮುಂಚೆ ಅವನು ಬೀದಿ ದಾಟಿ, ಗೋಡೆ ಹಿಡಿದು, ನನ್ನ ಕಟ್ಟೆಯ ಹತ್ತಿರ ಬಂದಿದ್ದ. ಮಾತು ದಪ್ಪಗಿತ್ತು, ಆದರೂ ತಿಳಿಯುತ್ತಿತ್ತು.

“ಇವತ್ತ ಯಾರ ಪಾಳಿರಿ?”

“ಗಾಣದವ್ರದು,” ಎಂದೆ, ಅವನ ಮುಖ ನೋಡದೆ. ನನಗೆ ಸಿಟ್ಟು ಬಂದಿತ್ತು. ನೂರಾ ಹತ್ತೊಂಬತ್ತು ದಿನದ ಸೊನ್ನೆಯನ್ನು ಕೆಡಿಸಿಬಿಟ್ಟನೆಂದು ಸಿಟ್ಟು.

“ನಿನ್ನಿ ಯಾರ್ದೂ ಇದ್ದಿಲ್ಲೇನ್ರಿ?”

ನಾನು ಯಂತ್ರ ತುಳಿಯತೊಡಗಿದೆ. ಆ ಮಾತನ್ನು ದಿನಚರಿಯಲ್ಲಿ ಬರೆಯಲಿಲ್ಲ. ಅಮಲಿನ ಮಾತು ಎಂದುಕೊಂಡೆ.

ಚಾವಡಿಯಲ್ಲಿ ಅಜ್ಜನವರು ಅವನನ್ನೇ ಕೇಳಿದರು, ನ್ಯಾಯವಾಗಿಯೇ ಕೇಳಿದರು. “ಕುಡದಿಯೇನಪಾ?”

“ಇಲ್ರಿ. ಎರಡ ದಿನಾ ಆತ್ರಿ, ಯಾರ ಪಾಳಿನೂ ಬಂದಿಲ್ಲ. ಹಸಿವಿ ಆಗೇತ್ರಿ.”

ಜನರಲ್ಲಿ ಗುಜುಗುಜು ಎದ್ದಿತು. ಆರು ಮನೆಯವರಿಗೂ ತಾವು ಈ ವಾರ ಕೊಟ್ಟದ್ದು ಗೊತ್ತು. “ನಾವು ಕೊಟ್ಟೇವಿ” ಎಂದು ಒಬ್ಬರು, “ನಾವೂ ಕೊಟ್ಟೇವಿ” ಎಂದು ಇನ್ನೊಬ್ಬರು. ಯಾವ ದಿನ ಕೊಟ್ಟಿರಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಕೊಟ್ಟವರಿಗೆ ಅವನ ಮಾತು ಅಗದಿ ನಟ್ಟಿತು.

“ಪುಸ್ತಕ ತಾ ತಂಗಿ,” ಎಂದರು ಅಜ್ಜನವರು.

ಪುಸ್ತಕ ಹಿಡಿದುಕೊಂಡು ಬೀದಿ ದಾಟಿದೆ. ಅಷ್ಟು ಜನರ ನಡುವೆ ನಿಂತದ್ದು ಅದೇ ಮೊದಲು. ಅವರು ಹದಿನೆಂಟನೆಯ ವಾರದ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: “ಈ ವಾರದ್ದ ಇದನ?”

“ಹೌದ್ರಿ.”

“ಇಷ್ಟೂ ಮನಿ ಊಟಾ ಕೊಟ್ಟಾರ? ಮಾತ್ರಿನೂ?”

“ಪುಸ್ತಕದಾಗ ಐತ್ರಿ,” ಎಂದೆ.

ಅವನು ನನ್ನನ್ನು ನೋಡಿದ. ಆಮೇಲೆ ಪುಸ್ತಕವನ್ನು ನೋಡಿದ.

“ರೊಟ್ಟಿ ತಪ್ಪಿಲ್ಲ, ಮಾತ್ರಿ ತಪ್ಪಿಲ್ಲ. ಅಂದಮ್ಯಾಲೆ ಕುಡದ ಬಿದ್ದಾನ, ಮ್ಯಾಲೆ ಸುಳ್ಳೂ ಹೇಳತಾನ,” ಎಂದರು ಅಜ್ಜನವರು. ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಅವರೂ ನಾಲ್ಕು ತಿಂಗಳು ಸೋಮವಾರ ತಪ್ಪಿಸಿದವರಲ್ಲ. “ಕರಾರ ಅಂದ್ರ ಕರಾರ. ಸಂಜಿ ಪ್ಯಾಸೆಂಜರಿಗೆ ಕೂಡಸ್ರಿ. ಹುಬ್ಬಳ್ಳಿ ದೊಡ್ಡ ಊರು, ಅಲ್ಲೆ ಹೆಂಗರ ಆಕ್ಕೈತಿ.”

ಕಂಪೌಂಡರ್ ಕಾಕಾ ಬರುವವರೆಗೆ ತಡೆಯಿರಿ ಎಂದು ಮಾಮಾ ಒಬ್ಬನೇ ಹೇಳಿದ. ಯಾರೂ ಕೇಳಲಿಲ್ಲ. ನಾನೂ ಅವನ ಜೊತೆ ದನಿಗೂಡಿಸಲಿಲ್ಲ.

ಮಧ್ಯಾಹ್ನವೆಲ್ಲ ಹೊಲಿಗೆ ಕೈಗೆ ಹತ್ತಲಿಲ್ಲ. ನಾಲ್ಕು ಗಂಟೆಗೆ ಇಬ್ಬರು ಬಂದು ಅವನನ್ನು ಕರೆದುಕೊಂಡು ಸ್ಟೇಶನ್ನಿನ ಕಡೆ ಹೋದರು. ರೈಲು ಐದೂ ಇಪ್ಪತ್ತಕ್ಕೆ. ತಾಟು ಮೆಟ್ಟಿಲ ಮೇಲೇ ಉಳಿಯಿತು. ಅದನ್ನು ನೋಡುತ್ತ ಕೂತಿದ್ದಾಗ, ಇವತ್ತು ಗಾಣದವರು ಊಟ ತಂದರೆ ಅವನು ಇಲ್ಲವೆಂದು ಹೇಳಬೇಕಲ್ಲ ಎನಿಸಿತು. ಅವರಾಗಿ ಬರುವ ಮುಂಚೆ ಹೇಳಿಬಿಡೋಣವೆಂದು ಅವರ ಮನೆಗೆ ಹೋದೆ.

“ಅತ್ತಿ, ಇವತ್ತ ರೊಟ್ಟಿ ಕಳಸಬ್ಯಾಡ್ರಿ. ಅಂವಾ ಹ್ವಾದ.”

“ಇವತ್ತ ಯಾಕ ಕಳಸಲೆವ್ವಾ? ನಮ್ಮದು ಸೋಮಾರನ ಆತಲ್ಲ. ನಿನ್ನ ಮುಂದ ಹೇಳಿದ್ನೆಲ್ಲ?”

“ಸೋಮಾರ? ನಿಮ್ಮದು ಗುರುವಾರಲ್ರಿ?”

“ಶ್ರಾವಣ ಸೋಮಾರ ಬಿಟ್ಟು ಗುರುವಾರ ಕೊಟ್ರ ಏನ್ ಬಂತ? ಯಾವ ದಿನಾ ಕೊಟ್ರೂ ಹೊಟ್ಟಿಗೇ ಹೊಕ್ಕೈತಿ.”

“ಮಾತ್ರಿ?”

“ಅದನ್ನೂ ಕೊಟ್ನಿ. ಅದನ್ನ ಬಿಡಾಕ ಬರ್ತೈತೇನ?”

ಅಲ್ಲಿಂದ ಪತ್ತಾರರ ಮನೆಗೆ ಓಡಿದೆ. ಸೋಮವಾರ. ಬಳೆಗಾರರ ಮನೆ. ಸೋಮವಾರ. ನಮ್ಮ ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. “ಸೋಮಾರ ಸಂಜಿ ಕೊಟ್ನೆಲ್ಲ. ಬ್ಯಾರೆ ಮನಿಯಿಂದ ಆಗ್ಲೆ ಬಂದಿತ್ತು. ಹಬ್ಬದ ದಿನಾ ಹೊಟ್ಟಿ ತುಂಬ ಉಣ್ಣಲಿ ಅಂತ ಇಟ್ಟಬಂದೆ. ಯಾಕ ಬೇ, ಹಿಂಗ್ಯಾಕ ತೇಕತಿ?”

ಬೆರಳು ಮಡಚಿ ಎಣಿಸಿದೆ. ಸೋಮವಾರ ಆರು. ಮಂಗಳವಾರ ಇಲ್ಲ. ಬುಧವಾರ ಇಲ್ಲ. ಗುರುವಾರ ಇಲ್ಲ. ಅವನು ಹೇಳಿದ್ದು ಅಕ್ಷರ ಅಕ್ಷರವೂ ನಿಜವಾಗಿತ್ತು.

ಸ್ಟೇಶನ್ನಿಗೆ ಅರ್ಧ ಮೈಲು. ಸೀರೆ ಎತ್ತಿಕಟ್ಟಿ ಓಡಿದೆ. ಎಣ್ಣೆಯಂಗಡಿಯ ತಿರುವಿನಲ್ಲಿ ಸೀಟಿ ಕೇಳಿತು. ಪ್ಲಾಟ್‌ಫಾರ್ಮಿಗೆ ಮುಟ್ಟಿದಾಗ ಗಡಿಯಾರದಲ್ಲಿ ಐದೂ ಇಪ್ಪತ್ತಾರು. ಹಳಿ ಖಾಲಿ ಇತ್ತು. ಕರೆದುಕೊಂಡು ಹೋಗಿದ್ದ ಇಬ್ಬರು ಬೆಂಚಿನ ಮೇಲೆ ಬೀಡಿ ಸೇದುತ್ತಿದ್ದರು.

“ಹಿಂದಿನ ಡಬ್ಬಿಗೆ ಕೂಡಸೇವಿ. ಹುಬ್ಬಳ್ಳಿ ತಿಕೀಟೂ ತಗದೇವಿ, ಎರಡ ಬಾಳಿಹಣ್ಣೂ ಕೊಟ್ಟೇವಿ,” ಎಂದ ಒಬ್ಬ.

“ಕಿಡಕ್ಯಾಗಿಂದ ಮತ್ತ ಅದನ ಕೇಳ್ದ, ಇವತ್ತ ಯಾರ ಪಾಳಿ ಅಂತ,” ಎಂದ ಇನ್ನೊಬ್ಬ. “ರೈಲಿನ ಪಾಳಿ ಹೋಗಪಾ ಅಂದ್ನಿ.”

ಹೇಳಿದವನು ನಗುತ್ತಿದ್ದ. ನನ್ನ ಮುಖ ನೋಡಿ ಬೀಡಿ ಕೆಳಗಿಟ್ಟ.

ಅಜ್ಜನವರ ಅಂಗಡಿಗೆ ಹೋಗಿ ಹೇಳಿದೆ. ಕಾಳಿನ ಚೀಲಗಳ ನಡುವೆ ನಿಂತು ಆರೂ ಮನೆಯ ಹೆಸರು, ಆರೂ ಸೋಮವಾರ ಒಪ್ಪಿಸಿದೆ. ಅವರ ಮನೆಯದು ಒಂದೇ ಸರಿಯಾದ ಸೋಮವಾರ. ಅವರು ತಕ್ಕಡಿಯಿಂದ ಕೈ ತೆಗೆದರು.

“ಮುಂಜಾನೆ ನಾ ಕೇಳ್ದಾಗ ನೀ ಯಾಕ ಎಣಸಲಿಲ್ಲ?”

“ಗೆರಿ ಇದ್ವಲ್ರಿ,” ಎಂದೆ.

“ನಾನರ ಯಾಕ ಎಣಸಲಿಲ್ಲ?” ಎಂದು ತಮ್ಮಷ್ಟಕ್ಕೇ ಅಂದುಕೊಂಡು ರುಮಾಲು ಸುತ್ತಿ ಎದ್ದರು. ಆ ಸಂಜೆಯೇ ಲಾರಿ ಹಿಡಿದು ಹುಬ್ಬಳ್ಳಿಗೆ ಹೋದರು. ವಯಸ್ಸು ಎಪ್ಪತ್ತು ದಾಟಿದವರು. ಸ್ಟೇಶನ್ನು, ಬಸ್‌ಸ್ಟ್ಯಾಂಡು, ಧರ್ಮಶಾಲೆ ಎಲ್ಲ ನೋಡಿ ಶುಕ್ರವಾರ ಮಧ್ಯಾಹ್ನ ಬರಿಗೈಯಲ್ಲಿ ಬಂದರು.

ಶುಕ್ರವಾರ ರಾತ್ರಿ ಬಂದ ಕಂಪೌಂಡರ್ ಕಾಕಾ ಪುಸ್ತಕ ನೋಡಿ ಹೇಳಿದರು: ಆ ಮಾತ್ರೆ ಒಂದೇ ಸಲ ಆರು ಹೋದರೆ ನಾಲಿಗೆ ದಪ್ಪವಾಗುತ್ತದೆ, ಕಾಲು ಸೆಟೆಯುತ್ತದೆ, ಜೊಲ್ಲು ಬರುತ್ತದೆ, ಎರಡು ದಿನ ಮಂಪರು. ಕುಡಿದವನಂತೆಯೇ ಕಾಣುತ್ತಾನೆ. “ಬದಕಿದ್ದ ದೊಡ್ಡದು,” ಎಂದರು. ಆಮೇಲೆ, ನನ್ನನ್ನು ಅಂದದ್ದೋ ತಮ್ಮನ್ನು ಅಂದುಕೊಂಡದ್ದೋ, “ನಾ ಒಂದೊಂದ ಮನಿಗಿ ನಾಕ್ನಾಕ ಮಾತ್ರಿ ಕೊಡಬಾರದಿತ್ತು,” ಎಂದರು.

ಅವರು ಧಾರವಾಡಕ್ಕೂ ಹೋಗಿ ಕೇಳಿ ಬಂದರು, ಅಲ್ಲಿಗೆ ಬಂದಿಲ್ಲ. ಅಜ್ಜನವರು ಹುಬ್ಬಳ್ಳಿಗೆ ಮತ್ತೆರಡು ಸಲ ಹೋದರು. ಮೂರನೆಯ ಸಲ ಒಬ್ಬ ಹಮಾಲ, ಅಂಥ ಅಂಗಿಯವನು ಗದಗ ಕಡೆಯ ಗಾಡಿಯ ಹತ್ತಿರ ನಿಂತದ್ದನ್ನು ಕಂಡೆ ಎಂದನಂತೆ. ಯಾವ ದಿನ ಎಂದರೆ ಅವನಿಗೆ ನೆನಪಿಲ್ಲ. ಗದಗಿಗೆ ಮಾಮಾ ಅಂಗಡಿ ಮುಚ್ಚಿ ಹೋಗಿ ಬಂದ. ಇಲ್ಲ.

ಈಗ ಕೋಷ್ಟಕವನ್ನು ಹೊಸದಾಗಿ ಹಾಕಿದ್ದೇನೆ. ಎಡಗಡೆ ತಾರೀಖು, ಅದರ ಮುಂದೆ ವಾರ, ಅದರ ಮುಂದೆ ಮನೆ. ಮಾತ್ರೆಗಳೆಲ್ಲ ಒಂದೇ ಕಡೆ. ಆರು ಹೋಗಿ ಉಳಿದ ಇಪ್ಪತ್ತೆರಡನ್ನೂ ಮನೆಗಳಿಂದ ತಂದು ಕಾಕಾ ದವಾಖಾನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಏಳೂ ಮನೆಯವರು ಪಾಳಿ ಹಾಗೇ ಇರಲಿ ಎಂದಿದ್ದಾರೆ. ಇನ್ನು ಗೆರೆಯನ್ನು ತಾಟಿನಲ್ಲಿ ಊಟ ಕಂಡ ಮೇಲೆಯೇ ಎಳೆಯುವುದು. ಚಾವಡಿ ಖಾಲಿ ಇದೆ.

ಇಂದು ಡಿಸೆಂಬರ್ ೧೭, ರವಿವಾರ. ಅವನು ಹೋಗಿ ನೂರಾ ಇಪ್ಪತ್ತೊಂಬತ್ತು ದಿನ. ಸೊನ್ನೆಯ ಆ ನೂರಾ ಹತ್ತೊಂಬತ್ತು ದಿನಕ್ಕಿಂತ ಹತ್ತು ಹೆಚ್ಚು. ಮಾತ್ರೆಯಿಲ್ಲದೆ ಇಷ್ಟು ದಿನ. ಆ ಕಂಬದ ದನಿ ಈಗ ಯಾವ ಊರಿನ ಯಾವ ಕಂಬದಿಂದ ಬರುತ್ತಿದೆಯೋ. ಮುಂಜಾನೆ ಯಂತ್ರದ ಮುಸುಕು ತೆಗೆಯುವಾಗ ಕೈ ಒಂದು ಗಳಿಗೆ ತಡೆಯುತ್ತದೆ.

ಅವನ ಹೆಸರು ನಮಗೆ ಗೊತ್ತಿಲ್ಲ. ಅಳತೆ ಗೊತ್ತಿದೆ, ನನ್ನ ಪುಸ್ತಕದಿಂದ ತೆಗೆದು ಬರೆಯುತ್ತೇನೆ. ಎದೆ ಮೂವತ್ತನಾಲ್ಕು ಇಂಚು, ಭುಜ ಹದಿನಾರೂವರೆ, ಅಂಗಿಯ ಉದ್ದ ಇಪ್ಪತ್ತೇಳು. ಎಡಗೈ ಮೊಳಕೈಯ ಹತ್ತಿರ ಎಂದೋ ಮುರಿದು ಕೂಡಿದೆ. ಅದಕ್ಕೆ ಎಡ ತೋಳು ಅರ್ಧ ಇಂಚು ಕಡಿಮೆ ಹೊಲಿದಿದ್ದೇನೆ. ಹಣೆಯ ಬಲಕ್ಕೆ ಹೊಲಿಗೆ ಹಾಕಿದ ಗಾಯದ ಗುರುತು. ಅಂಗಿ ನೀಲಿ ಚೌಕಡಿ, ಬೆನ್ನಿನ ಮೇಲ್ಭಾಗಕ್ಕೆ ಬಟ್ಟೆ ಸಾಲದೆ ಬಿಳಿ ತುಂಡು ಕೂಡಿಸಿದೆ. ಐದು ಗುಂಡಿಗಳಲ್ಲಿ ಮೇಲಿನಿಂದ ಮೂರನೆಯದು ಕೆಂಪು. ಊರು ಕೇಳಿದರೆ ಹಿಂದಿನ ಸ್ಟೇಶನ್ ಎನ್ನುತ್ತಾನೆ. ಮುಂಜಾನೆ ಎದ್ದು, ಇವತ್ತು ಯಾರ ಪಾಳಿ ಎಂದು ಕೇಳಬಹುದು.

ಇಂಥವನೊಬ್ಬ ನಿಮ್ಮ ಊರಿನ ಚಾವಡಿಯಲ್ಲೋ ಗುಡಿಯ ಕಟ್ಟೆಯ ಮೇಲೋ ಕಂಡಿದ್ದರೆ, ಕಂಡವರ ಬಾಯಿಂದ ಕೇಳಿದ್ದರೂ ಸರಿ, ಇದು ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಎಲ್ಲಿ ಕಂಡಿರಿ, ಯಾವ ತಾರೀಖು, ಯಾವ ವಾರ ಎಂಬುದನ್ನು ತಪ್ಪದೆ ಬರೆಯಿರಿ. ಅವನು ಆ ದಿನ ಉಂಡಿದ್ದನೋ ಇಲ್ಲವೋ ಎಂಬುದನ್ನು ಅವನನ್ನೇ ಕೇಳಿ ಬರೆಯಿರಿ. ಅವನು ಹೇಳಿದ್ದನ್ನು ನಂಬಬಹುದು.